ಎಡಗಡೆ ಹಾಡುವವಳು

ಜನವರಿ 9, ಶುಕ್ರವಾರ

ಹಿಂದೆಲ್ಲ ಶುಕ್ರವಾರ ಬಂತೆಂದರೆ ಮೈಯಲ್ಲಿ ಒಂದು ಹುರುಪು ಇರುತ್ತಿತ್ತು. ಹೊಸ ಹಾಡುಗಳೆಲ್ಲ ಬಿಡುಗಡೆಯಾಗುವ ದಿನ. ಬೆಳಕು ಹರಿಯುವ ಹೊತ್ತಿಗೆ ಎದ್ದು, ಇಯರ್‌ಫೋನ್ ಸಿಕ್ಕಿಸಿಕೊಂಡು, ಪಕ್ಕದಲ್ಲಿಟ್ಟ ಟೀ ಆರಿಹೋದದ್ದೂ ತಿಳಿಯದೆ ಕೇಳುತ್ತ ಕೂರುತ್ತಿದ್ದೆ. ಅಂಗಡಿಗೆ ಹೊರಡುವ ಮುಂಚೆ ಕೇಳಬೇಕಾದ ಹಾಡುಗಳ ಪಟ್ಟಿ, 'ಶುಕ್ರವಾರದ ಪಾಲು', ಬರೆದು ನಮ್ಮ ಆನ್‌ಲೈನ್ ಗುಂಪಿಗೆ ಕಳಿಸಿದರೆ ವಾರದ ಋಣ ತೀರಿದ ಹಾಗೆ. ಇಂಡೀ ರಾಕ್‌ನಲ್ಲಿ ಒಂದೆರಡು, ಎಲೆಕ್ಟ್ರಾನಿಕ್ ಪಾಪ್‌ನಲ್ಲಿ ಒಂದೆರಡು, ಕೊನೆಗೆ 'ಇದರ ತಂಟೆಗೆ ಹೋಗಬೇಡಿ' ಎಂದು ಒಂದು. ಓದುವವರು ಏಳೆಂಟು ನೂರು ಜನ ಇರಬಹುದು. ಹೆಚ್ಚಿನವರ ಮುಖ ನೋಡಿಲ್ಲ. ಆದರೆ ನಾನು ಕೇಳಿ ಎಂದದ್ದನ್ನು ಕೇಳುತ್ತಾರೆ, ಬೇಡ ಎಂದದ್ದನ್ನು ಮುಟ್ಟುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆಲ್ಲಿ ಸಿಗುತ್ತದೆ?

ಇವತ್ತು ಎದ್ದದ್ದೇ ತಡ. ನೆಗಡಿ ಕಡಿಮೆಯಾಯಿತು, ಕಟ್ಟಿದ ಎಡಗಿವಿ ಮಾತ್ರ ಇನ್ನೂ ಬಿಟ್ಟಿಲ್ಲ. ಹತ್ತಿ ತುರುಕಿದ ಹಾಗಿದೆ, ಜೊತೆಗೊಂದು ಸಣ್ಣ ಸಿಳ್ಳೆ. ಪಕ್ಕದ ಮನೆಯವರು ಕೆಟಲ್ ಇಟ್ಟು ಮರೆತಿದ್ದಾರೇನೋ ಅನ್ನಿಸುತ್ತದೆ.

"ಡಾಕ್ಟ್ರಿಗೆ ತೋರಿಸ್ರಿ," ಎಂದಳು ಹೆಂಡತಿ, ಕಾರಿನ ಕೀ ಹುಡುಕುತ್ತ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಬೆಳಗಿನ ಪಾಠಕ್ಕೆ ತಡವಾಗಿತ್ತು.

"ನೆಗಡಿ ಇಳೀತಾ ಇದೆ. ತಾನಾಗೇ ಬಿಡುತ್ತೆ."

"ಮೊನ್ನೆನೂ ಇದೇ ಅಂದ್ರಿ."

ಮೊನ್ನೆಯೂ ನೆಗಡಿ ಇಳಿಯುತ್ತಲೇ ಇತ್ತು, ಏನು ತಪ್ಪು ಹೇಳಿದೆ?

ಇವತ್ತಿನ ಪಾಲು: ಮೂವರು ಹುಡುಗರ ಗಿಟಾರ್ ತಂಡದ ಎರಡನೇ ಆಲ್ಬಮ್, ಪರವಾಗಿಲ್ಲ. ಸಿಂತ್ ಕೀಬೋರ್ಡು ನುಡಿಸುವ ಒಬ್ಬಾಕೆಯ ನಾಲ್ಕು ಹಾಡು, ಕೇಳಬಹುದು. ಎರಡೂ ನೀರು ಹೆಚ್ಚಾದ ಟೀ. 'ಕೇಳಬಹುದು' ಎಂದು ಬರೆಯುವವನು ಬರೆಯದಿದ್ದರೇ ಚೆಂದ. ಆದರೂ ಬರೆದೆ.

ಜನವರಿ 14, ಬುಧವಾರ

ಅಂಗಡಿಗೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ ಎಡಗಣ್ಣು ಮುಚ್ಚಿಸಿದೆ. ಗಟ್ಟಿಯಾಗಿ, ತಡವರಿಸದೆ ಕೊನೆಯ ಸಾಲಿನವರೆಗೂ ಓದಿದರು. ಬಲಗಣ್ಣು ಮುಚ್ಚಿಸಿ, ಗುಂಡಿ ಒತ್ತಿ ಬೇರೆ ಚಾರ್ಟು ತಂದೆ. ಮೇಷ್ಟ್ರು ಹಳೆಯ ಅಕ್ಷರಗಳನ್ನೇ ಅಷ್ಟೇ ಗಟ್ಟಿಯಾಗಿ ಹೇಳಿಕೊಂಡು ಹೋದರು.

"ಸಾರ್, ಚಾರ್ಟು ಬದಲಾಯಿಸಿದೀನಿ."

ಪಾಪ, ಮುಖ ಕೆಂಪಗಾಯಿತು. "ಎಲ್ಲಿ ಫೇಲಾಗ್ತೀನೋ ಅಂತ ಮೊದಲೇ ಬಾಯಿಪಾಠ ಮಾಡ್ಕೊಂಡೆ ಕಣಪ್ಪ."

"ಇಲ್ಲಿ ಪಾಸಾದ್ರೆ ನಷ್ಟ ನಿಮಗೇ ಸಾರ್."

ಇಂಥವರು ವಾರಕ್ಕೊಬ್ಬರಾದರೂ ಇದ್ದೇ ಇರುತ್ತಾರೆ. ಕಾಣುವುದಿಲ್ಲ ಎಂದು ಒಪ್ಪಿಕೊಳ್ಳಲು ಯಾಕಿಷ್ಟು ಸಂಕಟವೋ.

ಯಜಮಾನರು ಇನ್ನು ಮೇಲೆ ಅಂಗಡಿಯ ಸ್ಪೀಕರಿನಲ್ಲಿ ನನ್ನ ಹಾಡು ಹಾಕುವುದು ಬೇಡ ಎಂದರು. ಗಿರಾಕಿಗಳಿಗೆ ತಲೆ ಚಿಟ್ಟು ಹಿಡಿಯುತ್ತದಂತೆ. ನನ್ನದೊಂದು ನಿಯಮವಿತ್ತು. ಯಾವ ಆಲ್ಬಮ್ಮನ್ನೇ ಆಗಲಿ, ಒಮ್ಮೆ ಇಯರ್‌ಫೋನಿನಲ್ಲಿ ಕೇಳಬೇಕು, ಇನ್ನೊಮ್ಮೆ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರದ ಗಲಾಟೆಯ ನಡುವೆ ಕೇಳಬೇಕು. ಎರಡೂ ಕಡೆ ಗೆದ್ದದ್ದಕ್ಕೆ ಮಾತ್ರ ಶಿಫಾರಸು. ಇನ್ನು ಒಂದೇ ಕಡೆ. ವಾದ ಮಾಡಬಹುದಿತ್ತು, ಯಾರಿಗೆ ಬೇಕು.

ಜನವರಿ 18, ಭಾನುವಾರ

ತರಕಾರಿಗೆ ಹೆಂಡತಿಯ ಜೊತೆ ಕಾರಿನಲ್ಲಿ ಹೋದೆ. ಅವಳು ಓಡಿಸಿದಳು, ನಾನು ಎಡಗಡೆ ಕೂತೆ. ಬೇರೆ ಯಾರೂ ಅವಳ ಕಾರು ಮುಟ್ಟುವ ಹಾಗಿಲ್ಲ, ನಾನಂತೂ ಮುಟ್ಟಲೇ ಕೂಡದು. ಕಲಿಯುವವರ ಪಕ್ಕ ಕೂತು ಕೂತು ಅವಳಿಗೊಂದು ದನಿ ಬಂದುಬಿಟ್ಟಿದೆ. ಏರಿಲ್ಲ, ಇಳಿವಿಲ್ಲ. ಎದುರಿಗೆ ಲಾರಿ ಬಂದರೂ ಅದೇ ದನಿಯಲ್ಲಿ "ಬ್ರೇಕ್ ಒತ್ತಿ" ಎನ್ನುತ್ತಾಳೆ.

ಮಾತು ಮಾತಿನಲ್ಲಿ ಹೇಳಿದಳು, ಅವರ ಸ್ಕೂಲಿನ ಓನರು ಬೇರೆ ಊರಿನಲ್ಲಿ ಶಾಖೆ ತೆರೆಯುತ್ತಾರಂತೆ. ನಂಬಿಕಸ್ತರು ಬೇಕಂತೆ.

"ಇರಲಿ, ಒಳ್ಳೇದೇ," ಎಂದೆ.

"ಯಾರಿಗೆ ಒಳ್ಳೇದು?"

"ಓನರಿಗೆ."

ನಕ್ಕಳೋ ಇಲ್ಲವೋ ನೋಡಲಿಲ್ಲ.

ಕಾರಿನಲ್ಲಿ ಇಷ್ಟು ಮಾತಾಡುವವಳು ಮನೆಗೆ ಬಂದರೆ ತುಟಿ ಪಿಟಕ್ಕೆನ್ನುವುದಿಲ್ಲ. ಸೋಫಾದಲ್ಲಿ ಅವಳ ಜಾಗ ನನ್ನ ಎಡಕ್ಕೆ, ಮದುವೆಯಾದಾಗಿನಿಂದ. ಅಲ್ಲಿ ಕೂತು ಬಟ್ಟೆ ಮಡಚುತ್ತಾಳೆ, ಎದ್ದು ಹೋಗುತ್ತಾಳೆ. ಏನೋ ಮುನಿಸಿರಬೇಕು. ಕೇಳಲು ಹೋದರೆ ಇನ್ನೊಂದು ಉದ್ದದ ಕಥೆ ಬಿಚ್ಚಿಕೊಳ್ಳುತ್ತದೆ. ನನಗೆ ಈಚೆಗೆ ಎಲ್ಲದರಿಂದಲೂ ಆಯಾಸ.

ಜನವರಿ 23, ಶುಕ್ರವಾರ

ಹೊಸ ಇಯರ್‌ಫೋನ್ ತಂದೆ. ಹಳೆಯದರ ಎಡಭಾಗ ಕೆಟ್ಟಿತ್ತು. ಹೊಸತೂ ಅಂಥದ್ದೇ. ಈಗ ಯಾವ ಸಾಮಾನನ್ನು ತಾನೆ ಸರಿಯಾಗಿ ಮಾಡುತ್ತಾರೆ. ಅಥವಾ ಕಿವಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಪರವಾಗಿಲ್ಲ, ಹಾಡಿನ ಮುಖ್ಯ ಭಾಗವೆಲ್ಲ ಎರಡೂ ಕಡೆ ಬರುತ್ತದೆ. ಇಷ್ಟು ವರ್ಷ ಕೇಳಿದವನಿಗೆ ಒಂದೇ ಕಿವಿ ಧಾರಾಳವಾಯಿತು.

ಪಾಲು: ಎಲ್ಲವೂ ತೆಳು. ಈ ವರ್ಷ ಯಾರ ಕೈಯಲ್ಲೂ ಕಸುವಿಲ್ಲ.

ಜನವರಿ 30, ಶುಕ್ರವಾರ

ಸಿಕ್ಕಿತು!

ಎಷ್ಟು ದಿನವಾಗಿತ್ತು ಹೀಗಾಗಿ. ಬೇಸಿನ್ ಮುಂದೆ ನಿಂತು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೊನೆಯವರೆಗೂ ಕೇಳಿದೆ. ತಂಡದ ಹೆಸರು 'ಹಿತ್ತಲು'. ಅವರ ಬಗ್ಗೆ ಎಲ್ಲೂ ಒಂದು ಸಾಲಿಲ್ಲ, ಚಿತ್ರವೂ ಇಲ್ಲ. ಮುಖಪುಟದಲ್ಲಿ ಒಂದು ಖಾಲಿ ಕುರ್ಚಿ ಅಷ್ಟೆ. ಹಳೆಯ ಕೀಬೋರ್ಡು, ಅಗ್ಗದ ಡ್ರಮ್ ಮಷೀನು, ಮೇಲೆ ಒಬ್ಬ ಹೆಂಗಸಿನ ದನಿ. ಅವಳು ಹಾಡುವುದೆಲ್ಲ ಮನೆಯೊಳಗೆ ನಾವು ಕೇಳುವ ಸಣ್ಣಪುಟ್ಟ ಪ್ರಶ್ನೆಗಳು. ಬಾಗಿಲು ಹಾಕಿದೆಯಾ? ಬಟ್ಟೆ ಒಳಗೆ ತಂದೆಯಾ? ಇನ್ನೂ ಕೋಪವಾ? ಪ್ರತಿ ಪ್ರಶ್ನೆಯಾದ ಮೇಲೂ ಹಾಡು ನಿಂತುಬಿಡುತ್ತದೆ. ಡ್ರಮ್ ಮಷೀನು ಮಾತ್ರ ಟಕ್ ಟಕ್ ಎಂದು ಕಾಯುತ್ತಿರುತ್ತದೆ. ಉತ್ತರವಿಲ್ಲ. ಮತ್ತೆ ಮುಂದಿನ ಪ್ರಶ್ನೆ. ಇಡೀ ಆಲ್ಬಮ್ ಹೀಗೇ. ಯಾರಿಗಿದೆ ಇಷ್ಟು ಧೈರ್ಯ? ಎಲ್ಲರೂ ಸಂದುಗೊಂದನ್ನೂ ಬಿಡದೆ ಸದ್ದು ತುಂಬುವ ಕಾಲದಲ್ಲಿ ಇವಳು ಅರ್ಧ ಹಾಡನ್ನು ಖಾಲಿ ಬಿಟ್ಟಿದ್ದಾಳೆ.

ಪಾಲಿನಲ್ಲಿ ಬೇರೇನೂ ಬರೆಯಲಿಲ್ಲ. ಇದೊಂದೇ. "ಉತ್ತರ ಸಿಗದ ಒಂಟಿ ದನಿ. ಈ ವರ್ಷದ ಅತ್ಯಂತ ಧೈರ್ಯದ ಆಲ್ಬಮ್. ದಯವಿಟ್ಟು ಕೇಳಿ, ಮತ್ತು ಆ ಖಾಲಿ ಜಾಗಗಳಿಗೆ ಕಿವಿಗೊಡಿ." ಇಷ್ಟು ಬರೆಯುವಷ್ಟರಲ್ಲಿ ಕಣ್ಣು ಮಂಜಾಯಿತು. ನಲವತ್ತೇಳರ ಗಂಡಸು, ಬಾಯಿ ತುಂಬ ಪೇಸ್ಟಿನ ನೊರೆ.

ಹೊರಗಿನ ಸ್ಪೀಕರಿನಲ್ಲಿ ಇನ್ನೊಮ್ಮೆ ಕೇಳುವ ಗೋಜಿಗೆ ಹೋಗಲಿಲ್ಲ. ಬೇಕೂ ಇರಲಿಲ್ಲ.

ಫೆಬ್ರವರಿ 3, ಮಂಗಳವಾರ

ಗುಂಪಿನಲ್ಲಿ ಹಬ್ಬ. ನನ್ನ ಹಳೆಯ ಓದುಗ, ಎಲ್ಲರೂ ಮೀಸೆ ಎಂದೇ ಕರೆಯುವವನು, ಸಾಮಾನ್ಯವಾಗಿ ನನ್ನ ಪ್ರತಿ ಸಾಲಿಗೂ ಕೊಂಕು ತೆಗೆಯುತ್ತಾನೆ. ಈ ಸಲ ಒಂದೇ ಮಾತು: "ನೀವು ಹೇಳಿದ ಮೇಲೆ ಮುಗೀತು." ರಾತ್ರಿಪಾಳಿ ಎಂಬ ಹೆಸರಿನಲ್ಲಿ ಬರೆಯುವ ನರ್ಸ್ ಅತ್ತೇಬಿಟ್ಟಳಂತೆ. "ಆ ನಿಶ್ಶಬ್ದ ಇದೆಯಲ್ಲ ಸರ್, ಅದು ನನ್ನ ಮನೆಯದೇ" ಎಂದು ಬರೆದಿದ್ದಾಳೆ. ಉಳಿದವರೂ ಅಷ್ಟೆ. ಎಂಥ ಒಂಟಿತನ, ಎಂಥ ಖಾಲಿತನ.

ಯಾರೋ ಆಲ್ಬಮ್ಮನ್ನು ಇನ್ನೊಂದು ಗುಂಪಿಗೆ ಕಳಿಸಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿದೆ. ಎಲ್ಲ ಕಡೆ ನನ್ನ 'ಒಂಟಿ ದನಿ' ಎಂಬ ಮಾತೇ ಓಡಾಡುತ್ತಿದೆ. ಅಂಗಡಿಯಲ್ಲಿ ಗಾಜು ಉಜ್ಜುತ್ತ ಒಬ್ಬನೇ ನಗುತ್ತಿದ್ದೆ. ಯಜಮಾನರು "ಏನಯ್ಯಾ, ಲಾಟರಿ ಹೊಡೀತಾ?" ಎಂದರು.

ಫೆಬ್ರವರಿ 8, ಭಾನುವಾರ

ಸೋಫಾದಲ್ಲಿ ಕಣ್ಣು ಮುಚ್ಚಿಕೊಂಡು ಹಿತ್ತಲು ಕೇಳುತ್ತಿದ್ದೆ. ಕಣ್ಣು ಬಿಟ್ಟರೆ ಹೆಂಡತಿ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾಳೆ. ಏನು ಎಂದೆ. ಏನಿಲ್ಲ ಎಂದು ಎದ್ದು ಹೋದಳು. ಆಮೇಲೆ ಯಾರಿಗೋ ಫೋನ್ ಮಾಡಿದಳು.

ಸಿಳ್ಳೆ ಹೆಚ್ಚಾಗಿದೆ.

ಫೆಬ್ರವರಿ 12, ಗುರುವಾರ

ಹಿತ್ತಲಿನ ಹಾಡುಗಾರ್ತಿಯನ್ನು ಒಂದು ಸಭಾಂಗಣದವರು ಕಾರ್ಯಕ್ರಮಕ್ಕೆ ಕರೆದಿದ್ದಾರೆ. ಪ್ರಕಟಣೆಯಲ್ಲಿ 'ಉತ್ತರ ಸಿಗದ ಒಂಟಿ ದನಿ' ಎಂದು ದೊಡ್ಡಕ್ಷರದಲ್ಲಿ ಹಾಕಿದ್ದಾರೆ. ನನ್ನ ಹೆಸರಿಲ್ಲ, ಬೇಕೂ ಇಲ್ಲ. ಒಬ್ಬಳಿಗೆ ದಾರಿಯಾಯಿತಲ್ಲ. ಹೆಂಡತಿಗೆ ತೋರಿಸಿದೆ.

"ಒಳ್ಳೇದಾಯ್ತು," ಎಂದಳು. "ಪಾಪ, ಅವಳಿಗಾದ್ರೂ ಕೇಳೋರು ಸಿಕ್ಕಿದ್ರು."

ಫೆಬ್ರವರಿ 13, ಶುಕ್ರವಾರ

ಬೆಳಿಗ್ಗೆ ಹೊಸ ಬಿಡುಗಡೆಗಳನ್ನು ತೆರೆಯುವ ಮೊದಲೇ ಒಂದು ಸಂದೇಶ ಬಂದಿತ್ತು. ಪೂರ್ತಿ ಇಲ್ಲಿ ಇಳಿಸಿಕೊಳ್ಳುತ್ತೇನೆ.

"ನಮಸ್ಕಾರ. ಹಿತ್ತಲಿನ ಬಗ್ಗೆ ನೀವು ಬರೆದದ್ದು ಓದಿ ಅಕ್ಕನಿಗೂ ನನಗೂ ಖುಷಿಯಾಯಿತು. ಆಮೇಲೆ ಮತ್ತೊಮ್ಮೆ ಓದಿದೆ. ನೀವು ಎಲ್ಲೂ ನನ್ನ ಬಗ್ಗೆ ಬರೆದಿಲ್ಲ. ಅಕ್ಕ ಬಲಗಡೆ ಪ್ರಶ್ನೆ ಕೇಳುತ್ತಾಳೆ, ನಾನು ಎಡಗಡೆ ಉತ್ತರ ಹೇಳುತ್ತೇನೆ. ಎಲ್ಲ ಹಾಡಿನಲ್ಲೂ ನಾನಿದ್ದೇನೆ. ಸಭಾಂಗಣದವರು ಅಕ್ಕನನ್ನು ಮಾತ್ರ ಕರೆದಿದ್ದಾರೆ. ಜನಕ್ಕೆ ಒಂಟಿ ದನಿಯೇ ಬೇಕಂತೆ. ನನ್ನ ಹಾಡು ನಿಮಗೆ ಹಿಡಿಸದಿದ್ದರೆ ಹಾಗೆಂದು ಬರೆಯಿರಿ, ಬೇಜಾರಿಲ್ಲ. ಇಲ್ಲವೇ ಇಲ್ಲ ಎಂದು ಮಾತ್ರ ಬರೆಯಬೇಡಿ."

ಓದಿ ಮೊದಲು ಬಂದದ್ದು ಸಿಟ್ಟು. ನನಗೇ ಪಾಠ ಹೇಳಲು ಬಂದಳಲ್ಲ ಎಂದು. ಆಮೇಲೆ ಇಯರ್‌ಫೋನಿನ ಎಡದ್ದನ್ನು ತೆಗೆದು ಬಲಗಿವಿಗೆ ಹಾಕಿಕೊಂಡೆ.

ಅವಳಿದ್ದಳು.

ಅಕ್ಕನಿಗಿಂತ ಸ್ವಲ್ಪ ಒರಟು ದನಿ. ಡ್ರಮ್ ಮಷೀನು ಟಕ್ ಟಕ್ ಎನ್ನುವ ಜಾಗದಲ್ಲಿ, ನಾನು ಖಾಲಿ ಎಂದು ಕಣ್ಣೀರು ಹಾಕಿದ ಜಾಗದಲ್ಲಿ, ಒಂದೊಂದರಲ್ಲೂ ಅವಳು ಹಾಡುತ್ತಿದ್ದಳು. ಹಾಕಿದೆ. ಮರೆತೆ. ಸ್ವಲ್ಪ. ಒಂದು ಕಡೆ ನಗುತ್ತಾಳೆ ಕೂಡ. ಬೇಸಿನ್ನಿನ ಅಂಚು ಹಿಡಿದು ನಿಂತೆ.

ಆಮೇಲೆ ಎಡಗಿವಿಗೆ ಕೈಗಡಿಯಾರ ಒತ್ತಿ ಹಿಡಿದೆ. ಬೆರಳಿನಿಂದ ಚಿಟಿಕೆ ಹೊಡೆದೆ. ಏನೂ ಇಲ್ಲ. ಸಿಳ್ಳೆ ಬಿಟ್ಟರೆ ಬೇರೇನೂ ಇಲ್ಲ. ಇದು ನನಗೆ ಮೊದಲೇ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ.

ಪಾಲು ಕಳಿಸಲಿಲ್ಲ. ಮೈಗೆ ಹುಷಾರಿಲ್ಲ ಎಂದು ಒಂದು ಸಾಲು ಹಾಕಿದೆ.

ಫೆಬ್ರವರಿ 14, ಶನಿವಾರ

ಏನು ಬರೆಯಲಿ. ಅಂಗಡಿಯಲ್ಲಿ ಎರಡು ಗಾಜು ಒಡೆದೆ.

ಫೆಬ್ರವರಿ 17, ಮಂಗಳವಾರ

ಕಿವಿ ಡಾಕ್ಟರಲ್ಲಿಗೆ ಹೋಗಿದ್ದೆವು. ನಾನೇ ಹೇಳಿದೆ ಹೆಂಡತಿಗೆ, ಎಡಗಿವಿ ಯಾಕೋ ಬಿಡುತ್ತಲೇ ಇಲ್ಲ ಎಂದು. ಕೀ ತೆಗೆದುಕೊಂಡಳು, ಬೆಳಗಿನ ಮೂರು ಪಾಠ ಬಿಟ್ಟು ಬಂದಳು.

ಸದ್ದು ಬಾರದ ಸಣ್ಣ ಕೋಣೆ, ಗಾಜಿನ ಆಚೆ ಯಂತ್ರದ ಮುಂದೆ ಒಬ್ಬ ಹುಡುಗಿ. ಸದ್ದು ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಲಗಿವಿ ಸಲೀಸಾಗಿ ಮುಗಿಯಿತು. ಎಡಗಿವಿಯ ಸರದಿ ಬಂದಾಗ ಏನೂ ಕೇಳಿಸದು. ಆದರೆ ಹುಡುಗಿ ಗುಂಡಿ ತಿರುಗಿಸುವಾಗ ಭುಜ ಚೂರು ಅಲುಗುವುದು ಕಾಣುತ್ತಿತ್ತು. ಭುಜ ಅಲುಗಿದಾಗಲೆಲ್ಲ ಒತ್ತಿದೆ. ಯಾಕೆ ಒತ್ತಿದೆ ಎಂದು ದೇವರಾಣೆ ಗೊತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಬಾಗಿಲು ತೆರೆದಳು.

"ಸರ್, ನಾನೀಗ ಶಾಲು ಸರಿ ಮಾಡ್ಕೊಂಡೆ ಅಷ್ಟೆ. ಯಾವ ಸೌಂಡೂ ಕೊಟ್ಟಿಲ್ಲ."

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಮತ್ತೆ ಶುರು ಮಾಡಿದಳು. ಆಮೇಲೆ ನಾನು ಒತ್ತಲೇ ಇಲ್ಲ.

ಡಾಕ್ಟರು ಗೀಟು ಎಳೆದ ಕಾಗದ ತೋರಿಸಿದರು. ಬಲಗಿವಿಯದು ಮೇಲೆ, ಎಡಗಿವಿಯದು ತಳದಲ್ಲಿ. ಒಳಗಿನ ನರಕ್ಕೇ ಪೆಟ್ಟಾಗಿದೆ, ನೆಗಡಿಯ ಹಿಂದೆಯೇ ಕೆಲವರಿಗೆ ಹೀಗಾಗುತ್ತದೆ, ಮೊದಲ ಒಂದೆರಡು ವಾರದಲ್ಲಿ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು ಎಂದರು. "ಈಗ?" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ವಾಪಸ್ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ನಾನೇ ಬಾಯಿ ತೆಗೆದೆ.

"ನಾನು ಮಾತಿಗೆ ಉತ್ತರ ಕೊಡ್ತಿಲ್ಲ ಅಂತ ನಿಂಗೆ ಅನ್ನಿಸ್ಲಿಲ್ವಾ?"

"ಅನ್ನಿಸ್ತು."

"ಮತ್ತೆ? ಹೇಳ್ಬಾರ್ದಿತ್ತಾ, ನಿಮಗೆ ಕಿವಿ ಕೇಳ್ತಿಲ್ಲ ಅಂತ?"

ಅವಳು ಕನ್ನಡಿ ನೋಡಿಕೊಂಡಳು. "ಕಿವಿ ಅಂತ ಹೊಳೀಲಿಲ್ಲ ರೀ. ಮೊದ್ಲಿಂದಾನೂ ನೀವು ಹಾಗೇ ಅಲ್ವಾ ಇದ್ದದ್ದು. ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಏನಾದರೂ ತಿರುಗಿಸಿ ಹೇಳುತ್ತಿದ್ದೆ. ಅದೇ ಪಾಠ ಹೇಳುವ ದನಿ. ದೀಪ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ.

ಮನೆ ಹತ್ತಿರ ಬಂದಾಗ ಇನ್ನೊಂದು ಹೇಳಿದಳು. ಹೊಸ ಶಾಖೆಗೆ ಓನರು ಇವಳನ್ನೇ ಕರೆದಿದ್ದಾರೆ. ಅಲ್ಲೇ ಇರಬೇಕು, ತಿಂಗಳಿಗೊಮ್ಮೆ ಬಂದು ಹೋಗಬಹುದು.

"ನಂಗೆ ಹೇಳ್ಲೇ ಇಲ್ಲ!"

"ಎರಡು ಸಲ ಕೇಳಿದೆ. ಹೋಗ್ಲಾ ಅಂತ. ನೀವು ಸೋಫಾದಲ್ಲಿ ಕಣ್ಮುಚ್ಕೊಂಡು ತಲೆ ಆಡಿಸ್ತಾ ಇದ್ರಿ. ಹೂಂ ಅಂದ್ರಿ ಅಂದ್ಕೊಂಡು ಅವ್ರಿಗೆ ಹೂಂ ಅಂತ ಫೋನ್ ಮಾಡ್ದೆ."

ಅದು ಡ್ರಮ್ಮಿನ ತಾಳಕ್ಕೆ ಆಡಿಸಿದ ತಲೆ. ಹಾಗೆಂದು ಹೇಳಿದರೆ ಇನ್ನೂ ಕೆಡುತ್ತದೆ. ಹೇಳಲಿಲ್ಲ.

ಫೆಬ್ರವರಿ 19, ಗುರುವಾರ

ನಾಳೆ ಶುಕ್ರವಾರ. ಕಾರ್ಯಕ್ರಮ ಮುಂದಿನ ವಾರ.

ಕಿವಿಯ ವಿಷಯ ಬರೆಯದೆ ತಿದ್ದುವ ದಾರಿ ಹುಡುಕುತ್ತಿದ್ದೇನೆ. 'ಎರಡನೇ ಸಲ ಕೇಳಿದಾಗ ಹೊಸ ಪದರಗಳು ತೆರೆದುಕೊಂಡವು' ಎಂದು ಬರೆದೆ. ಅಳಿಸಿದೆ. ನನಗೇ ವಾಕರಿಕೆ ಬಂತು. 'ತಂಗಿಯ ದನಿಯನ್ನು ನಾನು ಬೇಕೆಂದೇ ಹೆಸರಿಸಿರಲಿಲ್ಲ' ಎಂದು ಬರೆದೆ. ಅದನ್ನೂ ಅಳಿಸಿದೆ. ಕಿವಿ ಹೋದವನು ಹಾಡು ಕೇಳಿ ಎಂದರೆ ಯಾರು ಕೇಳುತ್ತಾರೆ? ಕಣ್ಣು ಕಾಣದವನ ಹತ್ತಿರ ಕನ್ನಡಕ ಮಾಡಿಸಿಕೊಂಡ ಹಾಗೆ ಎನ್ನುವುದಿಲ್ಲವೇ? ಈ ಶುಕ್ರವಾರಗಳನ್ನು ತೆಗೆದುಬಿಟ್ಟರೆ ನನ್ನ ವಾರದಲ್ಲಿ ಉಳಿಯುವುದು ಗಾಜು, ಫ್ರೇಮು, ಮೂಗಿನ ಮೇಲಿನ ಗುರುತು.

ಆದರೂ ಆ ತಂಗಿಯ ಮಾತು ಹೋಗುತ್ತಿಲ್ಲ. ಇಲ್ಲವೇ ಇಲ್ಲ ಎಂದು ಮಾತ್ರ ಬರೆಯಬೇಡಿ.

ಫೆಬ್ರವರಿ 20, ಶುಕ್ರವಾರ

ಕಳಿಸಿದೆ.

"ಹಿತ್ತಲಿನಲ್ಲಿ ಇಬ್ಬರಿದ್ದಾರೆ. ಅಕ್ಕ ಬಲಗಡೆ ಕೇಳುತ್ತಾಳೆ, ತಂಗಿ ಎಡಗಡೆ ಉತ್ತರ ಹೇಳುತ್ತಾಳೆ. ನಾನು ಖಾಲಿ ಎಂದು ಬರೆದ ಜಾಗದಲ್ಲೆಲ್ಲ ತಂಗಿ ಹಾಡುತ್ತಿದ್ದಾಳೆ. ನನ್ನ ಎಡಗಿವಿ ಹೋಗಿದೆ. ನಿಮಗೆ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಅದೊಂದು ಒಳ್ಳೆಯ ಆಲ್ಬಮ್. ಎರಡೂ ಕಿವಿ ಇರುವವರು ಕೇಳಿ ನನಗೆ ತಿಳಿಸಿ."

ಇದನ್ನೇ ಸಭಾಂಗಣದವರಿಗೂ ಕಳಿಸಿದೆ. ಆಮೇಲೆ ಫೋನನ್ನು ಬಟ್ಟೆಯ ಕಪಾಟಿನಲ್ಲಿಟ್ಟು ಅಂಗಡಿಗೆ ಹೋದೆ.

ಫೆಬ್ರವರಿ 22, ಭಾನುವಾರ

ಒಂದಷ್ಟು ಜನ ಗುಂಪು ಬಿಟ್ಟರು. ಎಷ್ಟು ಎಂದು ಲೆಕ್ಕ ಹಾಕಲು ಹೋಗಲಿಲ್ಲ. ಬೈದವರೂ ಇದ್ದಾರೆ, ಸಮಾಧಾನ ಹೇಳಿದವರೂ ಇದ್ದಾರೆ. ಸಮಾಧಾನವೇ ಜಾಸ್ತಿ ಚುಚ್ಚಿತು.

ಮೀಸೆ ಬರೆದಿದ್ದಾನೆ: "ನನಗೆ ಮೊದಲ ದಿನವೇ ಇಬ್ಬರೂ ಕೇಳಿಸಿದ್ದರು ಸ್ವಾಮಿ. ನೀವು ಒಂಟಿ ಅಂದ್ರಿ. ನಿಮಗೆ ಗೊತ್ತಿರೋದು ನಮಗೆ ಗೊತ್ತಿರುತ್ತಾ ಅಂತ ಸುಮ್ಮನಾದೆ." ಇಷ್ಟು ವರ್ಷ ನನ್ನ ಜೊತೆ ಜಗಳವಾಡಿದವನು ಜಗಳವಾಡಬೇಕಾದ ದಿನವೇ ಬಾಯಿಗೆ ಬೀಗ ಹಾಕಿಕೊಂಡ.

ರಾತ್ರಿಪಾಳಿಯ ಮಾತು ಓದಿ ಬಹಳ ದಿನದ ಮೇಲೆ ನಕ್ಕೆ. ಡ್ಯೂಟಿಯಲ್ಲಿ ಅವಳು ಒಂದೇ ಕಿವಿಗೆ ಇಯರ್‌ಫೋನ್ ಹಾಕುವುದಂತೆ, ಇನ್ನೊಂದು ಕಿವಿ ರೋಗಿಗಳಿಗೆ. ಅದೂ ಬಲ. "ಸುಮ್ನೆ ಅತ್ತೆ ಸರ್ ನಾನು! ಈಗ ಎರಡೂ ಹಾಕ್ಕೊಂಡು ಕೇಳಿದೆ. ಮನೆ ಅನ್ನೋದು ಹೀಗಿರುತ್ತಾ ಅಂತ ಹೊಟ್ಟೆ ಉರೀತು."

ತಂಗಿಯಿಂದ ಒಂದೇ ಸಾಲು. "ಓದಿದೆ. ಇಬ್ಬರನ್ನೂ ಕರೆದಿದ್ದಾರೆ." ಥ್ಯಾಂಕ್ಸ್ ಎಂದಿಲ್ಲ. ಯಾಕೆ ಅನ್ನಬೇಕು?

ಮಾರ್ಚ್ 6, ಶುಕ್ರವಾರ

ಪಾಲು ಇನ್ನು ಹೀಗೆ: ನಾನು ಬಲದ್ದನ್ನು ಬರೆಯುವುದು, ಎಡದಲ್ಲಿ ಏನಿದೆ ಎಂದು ಗುಂಪಿನವರು ಬರೆಯುವುದು. ಮೀಸೆಯದೇ ಉಪಾಯ. ಇವತ್ತು ಒಂದು ಗಿಟಾರ್ ತಂಡದ ಎಡಗಡೆಯನ್ನು ಅವನು "ಯಾರೋ ಟಿನ್ನಿನ ಡಬ್ಬ ಕೆರೆದ ಹಾಗೆ, ಆದರೆ ಪ್ರೀತಿಯಿಂದ" ಎಂದು ಬರೆದಿದ್ದಾನೆ. ನಾನಾಗಿದ್ದರೆ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಫೋನಿನಲ್ಲಿ ಎಡಬಲ ಎರಡನ್ನೂ ಒಂದೇ ಕಿವಿಗೆ ಬರಿಸುವ ಗುಂಡಿ ಇದೆ. ಹಿತ್ತಲಿಗೆ ಹಾಕಿ ನೋಡಿದೆ. ಕೇಳಿಸುತ್ತದೆ, ಆದರೆ ಇಬ್ಬರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದ ಹಾಗೆ. ಒಬ್ಬರಿಗೊಬ್ಬರು ಎದುರಿಲ್ಲ.

ಹೆಂಡತಿ ಹಳೆಯ ಸೂಟ್‌ಕೇಸ್ ಇಳಿಸಿ ಒರೆಸಿಟ್ಟಿದ್ದಾಳೆ. ಮಂಚದ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಬಿದ್ದಿದೆ. ನಾನು ಈಗ ಸೋಫಾದ ಎಡತುದಿಯಲ್ಲಿ ಕೂರುತ್ತೇನೆ, ಅವಳು ನನ್ನ ಬಲಕ್ಕೆ ಬರಲಿ ಎಂದು. ಇಬ್ಬರಿಗೂ ಜಾಗ ಅಭ್ಯಾಸವಾಗಿಲ್ಲ. ಎದ್ದಾಗಲೆಲ್ಲ ಕಾಲಿಗೆ ಕಾಲು ತಾಗುತ್ತದೆ.

ನಿನ್ನೆ ಸಾಕ್ಸ್ ಬೆಲೆಯಿಂದ ಶುರುವಾಗಿ ಅವಳ ಹೊಸ ವಿದ್ಯಾರ್ಥಿಯವರೆಗೆ ಮಾತಾಡಿದಳು. ರಿವರ್ಸ್ ಗೇರಿಗೆ ಹೆದರುವ ಒಬ್ಬ ಅಡುಗೆ ಕಂಟ್ರಾಕ್ಟರು. ನಾನು ನಡುವೆ ಎರಡು ಪ್ರಶ್ನೆ ಕೇಳಿದೆ. ಟೀ ತಣ್ಣಗಾಯಿತು.

ಮಾರ್ಚ್ 13, ಶುಕ್ರವಾರ

ಓನರಿಗೆ ಸೋಮವಾರ ಕೊನೆಯ ಮಾತು ಹೇಳಬೇಕಂತೆ. ಅಲ್ಲಿ ಮನೆ ನೋಡಿದ್ದಾರೆ, ಮುಂಗಡ ಕೊಡಬೇಕು. ಹೋಗಬೇಡ ಎನ್ನಲು ನನಗೆ ಯಾವ ಮುಖ? ಅವಳಿಗೆ ಆ ಕೆಲಸ ಇಷ್ಟವೇ. ಇಷ್ಟು ವರ್ಷ ಕಲಿಸಿದ್ದಾಳೆ, ನಡೆಸುವುದೂ ಬರುತ್ತದೆ.

"ನೀನು ಹೋಗ್ಬೇಕು ಅಂದ್ರೆ ಹೋಗು," ಎಂದೆ. "ನಾನು ಈ ಸಲ ತಲೆ ಆಡಿಸ್ತಾ ಇಲ್ಲ, ಬಾಯಲ್ಲೇ ಹೇಳ್ತಾ ಇದೀನಿ. ಆದ್ರೆ ನಂಗೆ ಇಷ್ಟ ಇಲ್ಲ."

"ಯಾಕೆ ಇಷ್ಟ ಇಲ್ಲ?"

ಸುಲಭದ ಪ್ರಶ್ನೆ. ಒಂದು ಆಲ್ಬಮ್ಮಿನ ಬಗ್ಗೆ ಪುಟಗಟ್ಟಲೆ ಬರೆಯುವವನು ಅವಳ ಮುಂದೆ ಬಾಯಿ ಬಿಟ್ಟುಕೊಂಡು ಕೂತೆ. ಕೊನೆಗೆ "ಮನೆ ಖಾಲಿ ಆಗುತ್ತೆ" ಎಂದೆ.

"ನೋಡೋಣ," ಎಂದಳು.

ಮಾರ್ಚ್ 15, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಇಯರ್‌ಫೋನ್ ಬಿಡಿಸುತ್ತ ಕೂತಿದ್ದೆ. ಅವಳು ಬಂದು ಬಲಕ್ಕೆ ಕೂತಳು.

"ಅದೇನು ಆ ಅಕ್ಕತಂಗೀರು, ಕೇಳಿಸಿ ನೋಡೋಣ. ಅದಕ್ಕೋಸ್ಕರ ಇಷ್ಟೆಲ್ಲ ಆಯ್ತಲ್ಲ."

ನನ್ನ ಹಾಡುಗಳನ್ನು ಅವಳು ಕೇಳಿದವಳೇ ಅಲ್ಲ. ಎರಡೂ ತುದಿಯನ್ನು ಅವಳಿಗೆ ಕೊಡಲು ಹೋದೆ.

"ಬೇಡ. ಬಲದ್ದು ನೀವು ಇಟ್ಕೊಳ್ಳಿ, ಎಡದ್ದು ನಂಗೆ ಕೊಡಿ. ಅವಳು ಏನಂತಾಳೆ ಅಂತ ನಾನು ಹೇಳ್ತೀನಿ. ನಿಮಗೆ ಎರಡೂ ಕೇಳಿದ ಹಾಗಾಗುತ್ತೆ."

ಕೊನೆಯ ಹಾಡು ಹಾಕಿದೆ. ವೈರು ಗಿಡ್ಡ, ತಲೆ ತಾಗಿಸಿಕೊಂಡು ಕೂರಬೇಕಾಯಿತು. ಅಕ್ಕ ಬಾಗಿಲು ಹಾಕಿದೆಯಾ ಎಂದಳು. ಡ್ರಮ್ ಮಷೀನು ಟಕ್ ಟಕ್ ಎಂದಿತು. ನನ್ನ ಪಕ್ಕದಲ್ಲಿ ಹೆಂಡತಿ, ಗೇರ್ ಬದಲಾಯಿಸಿ ಎನ್ನುವ ದನಿಯಲ್ಲೇ, "ಹಾಕಿದೆ" ಎಂದಳು.

ಬಟ್ಟೆ ಒಳಗೆ ತಂದೆಯಾ?

"ಮರೆತೆ."

ಇನ್ನೂ ಕೋಪವಾ?

"ಸ್ವಲ್ಪ."

ರಾಗವಿಲ್ಲ, ತಾಳವಿಲ್ಲ, ಒಂದು ಗಳಿಗೆ ತಡವಾಗಿ, ಆದರೆ ಒಂದಕ್ಷರ ಆಚೀಚೆ ಮಾಡದೆ ಒಪ್ಪಿಸುತ್ತಿದ್ದಳು. ನನಗೆ ನಗು ಬಂತು. ಹಾಡಿನ ಕೊನೆಗೆ ಅಕ್ಕ ಸ್ವಲ್ಪ ಸುಮ್ಮನಿದ್ದು ಕೇಳುತ್ತಾಳೆ, ನಾಳೆ ಇಲ್ಲೇ ಇರುತ್ತೀಯಾ ಎಂದು. ಕೇಳಿದಳು. ಹೆಂಡತಿ ಉತ್ತರ ಹೇಳಲಿಲ್ಲ. ಡ್ರಮ್ ಮಷೀನೂ ನಿಂತುಹೋಯಿತು. ಹಾಡು ಮುಗಿದು ಬರೀ ಗಾಳಿಯ ಸದ್ದು ಉಳಿದ ಮೇಲೆ, ಅದೇ ದನಿಯಲ್ಲಿ, ಎದುರಿನ ಗೋಡೆ ನೋಡುತ್ತ ಹೇಳಿದಳು.

"ಇರ್ತೀನಿ."

ಅದೊಂದು ಸಾಲನ್ನು ಅವಳು ತಪ್ಪು ಹೇಳಿದಳು. ತಂಗಿ ಅಲ್ಲಿ ಹಾಡುವುದು 'ಗೊತ್ತಿಲ್ಲ' ಎಂದು. ಇಯರ್‌ಫೋನ್ ತಿರುಗಿಸಿ ಹಾಕಿಕೊಂಡು ಎಷ್ಟು ಸಲ ಕೇಳಿಲ್ಲ ನಾನು. ತಿದ್ದಲೆಂದು ಬಾಯಿ ತೆರೆದವನು ಸುಮ್ಮನಾದೆ. ಇನ್ನೊಂದು ಸಲ ಹಾಕಲಾ ಎಂದು ಕೇಳಿದೆ.